ಒಂದು ಬಾಡಿಗೆ ಕಾರು, ನಾಲ್ಕು ಲಕೋಟೆ: ತುಮಕೂರಿನ ಮನೆ ಬಾಗಿಲಿಗೆ ಬಂದ ಇಟಲಿಯ ದಂಡ

2025ರ ಸಂಕ್ರಾಂತಿ ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ನಮ್ಮ ಮೇಷ್ಟ್ರ ಮಗ ಅಂಗಡಿಗೆ ಬಂದ. ಒಂದು ಕೈಯಲ್ಲಿ ಎಳ್ಳು-ಬೆಲ್ಲದ ಡಬ್ಬಿ, ಇನ್ನೊಂದು ಕೈಯಲ್ಲಿ ಎರಡು ಬಿಳಿ ಲಕೋಟೆ.

"ಅಣ್ಣ, ಇದೇನು ಸ್ವಲ್ಪ ನೋಡಿ. ಮೂರನೇ ತಾರೀಕು ಪೋಸ್ಟ್‌ಮ್ಯಾನ್ ತಂದುಕೊಟ್ಟನಂತೆ. ಅಮ್ಮ ಸೈನ್ ಹಾಕಿ ತಗೊಂಡು ಗ್ಯಾಸ್ ಬುಕ್ ಜೊತೆ ಇಟ್ಟುಬಿಟ್ಟಿದ್ದಾರೆ. ಹಬ್ಬಕ್ಕೆ ಬಂದಾಗ ಕೊಟ್ಟರು."

ಫ್ಲಾರೆನ್ಸ್ ನಗರಸಭೆಯಿಂದ ಬಂದ ನೋಟಿಸ್ ಅದು. ಎರಡರಲ್ಲೂ ಒಂದೇ ಕಾರಿನ ನಂಬರು, ಒಂದೇ ದಿನ: 2024ರ ಮೇ 17. ಒಂದರಲ್ಲಿ ಸಂಜೆ 6.12, ಇನ್ನೊಂದರಲ್ಲಿ 6.19. ಏಳು ನಿಮಿಷದ ಅಂತರದಲ್ಲಿ ಎರಡು ದಂಡ.

ತುಮಕೂರಿನಲ್ಲಿ ನನ್ನದು ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ. ಡಿಎಲ್ ನವೀಕರಣ, ಪಾಸ್‌ಪೋರ್ಟ್ ಅರ್ಜಿ, ಫೈನ್ ಕಟ್ಟುವುದು ದಿನದ ಕೆಲಸ. ಈ ಪ್ರಕರಣವನ್ನು ಮೊದಲಿಂದ ಬರೆದಿಡಲು ಕಾರಣವಿದೆ. ಅವರ ಇಟಲಿ ಪ್ರವಾಸಕ್ಕೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್‌ನ ಅರ್ಜಿ ತುಂಬಿಸಿದವನು ನಾನೇ. ಫಾರಂ 4ಎ, ಪಾಸ್‌ಪೋರ್ಟ್, ವೀಸಾ, ಡಿಎಲ್ ಪ್ರತಿ, ಶುಲ್ಕ 1,000 ರೂಪಾಯಿ. ಪರ್ಮಿಟ್ ಪುಸ್ತಕ ಕೈಗೆ ಬಂದ ದಿನ "ಇದೊಂದಿದ್ದರೆ ಸಾಕಪ್ಪ, ಆರಾಮಾಗಿ ಓಡಿಸಬಹುದು" ಅಂತ ಹೇಳಿ ಕಳಿಸಿದ್ದೆ. ಆ ಮಾತು ಅರ್ಧ ಮಾತ್ರ ನಿಜ. ಪರ್ಮಿಟ್ ಇಲ್ಲದೆ ಇಟಲಿಯಲ್ಲಿ ನಮ್ಮ ಲೈಸೆನ್ಸಿನ ಮೇಲೆ ಓಡಿಸಿ ಸಿಕ್ಕಿಬಿದ್ದರೆ ಬೇರೆಯೇ ದಂಡವಿದೆ, ಬಾಡಿಗೆ ಕೌಂಟರಿನವರು ಕೇಳದೆ ಕೀ ಕೊಟ್ಟರೂ ಅದು ತಪ್ಪುವುದಿಲ್ಲ. ಹಾಗಾಗಿ ಪುಸ್ತಕ ಬೇಕೇ ಬೇಕು. ಆದರೆ ಆ ಪುಸ್ತಕ ಕಾರು ಓಡಿಸುವ ಹಕ್ಕು ಕೊಡುತ್ತದೆಯೇ ಹೊರತು ಯಾವ ಬೀದಿಗೆ ನುಗ್ಗಬಾರದು ಅಂತ ಹೇಳುವುದಿಲ್ಲ. ಅದನ್ನು ನಾನು ಹೇಳಬೇಕಿತ್ತು, ಹೇಳಲಿಲ್ಲ.

ಪ್ರವಾಸ ಹೀಗಿತ್ತು. ಮೇಷ್ಟ್ರು, ಮಗ, ಸೊಸೆ, ಏಳು ವರ್ಷದ ಮೊಮ್ಮಗಳು. ಅಮ್ಮ ಅಷ್ಟು ದೂರ ಒಲ್ಲೆ ಅಂದು ಮನೆಯಲ್ಲೇ ಉಳಿದರು. ಮೇ 14, ಮಂಗಳವಾರ ರೋಮ್‌ನ ಫಿಯುಮಿಚಿನೊ ವಿಮಾನ ನಿಲ್ದಾಣದಲ್ಲಿ ಕಾರು ತಗೊಂಡು ನೇರ ಉತ್ತರಕ್ಕೆ ಸಿಯೆನಾ. ಅಲ್ಲಿಂದ ಫ್ಲಾರೆನ್ಸ್, ಪೀಸಾ, ಮಿಲಾನ್. ಮೇ 21ಕ್ಕೆ ಮಿಲಾನ್‌ನ ಮಾಲ್ಪೆನ್ಸಾದಲ್ಲಿ ಕಾರು ವಾಪಸ್. ಓಡಿಸಿದ್ದು ಮಗ ಒಬ್ಬನೇ. ಅವನು ಒಳ್ಳೆಯ ಡ್ರೈವರ್, ಇದನ್ನು ಒತ್ತಿ ಹೇಳುತ್ತೇನೆ. ಕುಡಿಯುವುದಿಲ್ಲ, ಫೋನ್ ಹಿಡಿಯುವುದಿಲ್ಲ, ಬಲಬದಿಯ ಸಂಚಾರಕ್ಕೆ ಒಂದೇ ದಿನದಲ್ಲಿ ಹೊಂದಿಕೊಂಡ. ಏಳು ದಿನದಲ್ಲಿ ಒಬ್ಬ ಪೊಲೀಸ್ ಸಹ ಅವರನ್ನು ತಡೆಯಲಿಲ್ಲ.

ಮೇಷ್ಟ್ರಿಗೆ ನೋವಾಗಿದ್ದು ಅಲ್ಲೇ. ಸಂಜೆ ಮನೆಗೆ ಹೋದಾಗ ಅವರು ಹೇಳಿದ ಮೊದಲ ಮಾತು: "ನಲವತ್ತು ವರ್ಷ ಸ್ಕೂಟರ್ ಓಡಿಸಿದ್ದೀನಿ ಕಣಯ್ಯ, ಒಂದು ದಿನ ಫೈನ್ ಕಟ್ಟಿಲ್ಲ. ಯಾರೂ ಕೈ ಅಡ್ಡ ಹಾಕಲಿಲ್ಲ, ಸೀಟಿ ಊದಲಿಲ್ಲ. ತಪ್ಪು ಮಾಡಿದ್ದೀವಿ ಅಂತ ಹೇಗೆ ಗೊತ್ತಾಗಬೇಕು?"

ಅವರ ಪ್ರಶ್ನೆ ಸರಿಯಾದದ್ದೇ. ಬಿ.ಎಚ್. ರಸ್ತೆಯಲ್ಲಿ ಬೆಳೆದ ಕಣ್ಣು ಬೋರ್ಡನ್ನು ನೋಡುವುದಕ್ಕಿಂತ ಮೊದಲು ಮನುಷ್ಯನನ್ನು ನೋಡುತ್ತದೆ. ಮುಂದಿನ ಗಾಡಿ ಹೋಯಿತೇ, ಸರ್ಕಲ್ಲಿನಲ್ಲಿ ಪೇದೆ ನಿಂತಿದ್ದಾನೆಯೇ, ಎದುರಿಗೆ ಬರುವವನು ಲೈಟ್ ಹೊಡೆದನೇ. ನಾವು ರಸ್ತೆ ಓದುವುದು ಹೀಗೆ. ಫ್ಲಾರೆನ್ಸಿನಲ್ಲಿ ಆ ಜಾಗದಲ್ಲಿ ಮನುಷ್ಯನೇ ಇಲ್ಲ. ಕಂಬದ ಮೇಲೆ ಒಂದು ಬೋರ್ಡು, ಅದರ ಮೇಲೊಂದು ಕ್ಯಾಮೆರಾ.

ಮೊದಲ ಎರಡು ಲಕೋಟೆ: ಫ್ಲಾರೆನ್ಸ್

ಇಟಲಿಯ ಅನೇಕ ಹಳೆಯ ಊರುಗಳ ನಡುಭಾಗಕ್ಕೆ ಹೊರಗಿನ ಕಾರುಗಳು ಹೋಗುವಂತಿಲ್ಲ. ಆ ವಲಯಕ್ಕೆ ಅವರು 'ಝೋನಾ ಆ ಟ್ರಾಫಿಕೊ ಲಿಮಿತಾತೊ' ಅನ್ನುತ್ತಾರೆ, ಬೋರ್ಡಿನಲ್ಲಿ ಝಡ್‌ಟಿಎಲ್ ಅಂತ ಮೂರಕ್ಷರ. ಬಿಳಿ ವೃತ್ತ, ಸುತ್ತ ಕೆಂಪು ಬಳೆ, ಕೆಳಗೆ ಸಮಯ. ಫ್ಲಾರೆನ್ಸಿನಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಬೆಳಗ್ಗೆ 7.30ರಿಂದ ರಾತ್ರಿ 8, ಶನಿವಾರ ಸಂಜೆ 4ರವರೆಗೆ. ಬೇಸಿಗೆಯಲ್ಲಿ ಕೆಲವು ರಾತ್ರಿಗಳೂ ಸೇರುತ್ತವೆ. ಇವರು ಹೋದದ್ದು ಶುಕ್ರವಾರ ಸಂಜೆ ಆರು ದಾಟಿದ ಮೇಲೆ. ಇನ್ನೆರಡು ಗಂಟೆ ತಡವಾಗಿದ್ದರೆ ಆ ಎರಡು ಲಕೋಟೆ ಬರುತ್ತಲೇ ಇರಲಿಲ್ಲ.

"ಬೋರ್ಡು ಕಾಣಲಿಲ್ವೇನೋ?" ಅಂದೆ.

"ಕಾಣಿಸ್ತಣ್ಣ. ಎಲೆಕ್ಟ್ರಾನಿಕ್ ಬೋರ್ಡು. 'ವಾರ್ಕೊ ಅತ್ತೀವೊ' ಅಂತ ಬರೀತಿತ್ತು. ಅತ್ತೀವೊ ಅಂದ್ರೆ ಆಕ್ಟಿವ್, ಅಂದ್ರೆ ದಾರಿ ಓಪನ್ ಇದೆ ಅಂದುಕೊಂಡೆ."

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ ಮಾತು ಇದು. 'ವಾರ್ಕೊ' ಅಂದರೆ ಗೇಟು. ಗೇಟು ಆಕ್ಟಿವ್ ಅಂದರೆ ಕಾವಲು ಜಾರಿಯಲ್ಲಿದೆ, ಒಳಗೆ ಬರಬೇಡ ಅಂತ. 'ವಾರ್ಕೊ ನಾನ್ ಅತ್ತೀವೊ' ಅಂತ ಇದ್ದರೆ ಮಾತ್ರ ಹೋಗಬಹುದು. ಬೋರ್ಡು ನೋಡಿ, ಓದಿ, ಯೋಚಿಸಿಯೇ ಹುಡುಗ ಒಳಗೆ ಹೋಗಿದ್ದ. ಓದಿದ್ದೇ ಉಲ್ಟಾ ಅರ್ಥವಾಯಿತು. ಹೋಟೆಲ್ ಸಿಗದೆ ಒಂದು ಸುತ್ತು ಹಾಕಿ ಮತ್ತೊಂದು ಗೇಟಿನಿಂದ ಬಂದ. ಅದು 6.19ರ ನೋಟಿಸ್. ಫೋನಿನ ಮ್ಯಾಪ್ ಅವನನ್ನು ಅದೇ ದಾರಿಯಲ್ಲಿ ಕರೆದೊಯ್ದಿತ್ತು. ಮ್ಯಾಪಿಗೆ ಹೋಟೆಲಿನ ವಿಳಾಸ ಕೊಟ್ಟರೆ ಅದು ಹೋಟೆಲಿನ ಬಾಗಿಲಿಗೆ ದಾರಿ ಹುಡುಕುತ್ತದೆ, ಆ ದಾರಿಗೆ ನಿಮಗೆ ಅನುಮತಿ ಇದೆಯೇ ಅನ್ನುವುದನ್ನು ಅದು ನೋಡುತ್ತದೆ ಅಂತ ನಂಬಬಾರದು.

ಆಮೇಲೆ ಅವನ ಇ-ಮೇಲ್ ತೆಗೆಸಿದೆ. ಹೋಟೆಲಿನವರು ಬುಕಿಂಗ್ ಖಚಿತಪಡಿಸಿ ಕಳಿಸಿದ್ದ ಪತ್ರ. ಉಪಾಹಾರದ ಸಮಯ, ವೈಫೈ, ನಗರ ತೆರಿಗೆ, ಇದೆಲ್ಲ ಆದ ಮೇಲೆ ಕೆಳಗೆ ಎರಡು ಸಾಲು: ಕಾರಿನಲ್ಲಿ ಬರುವುದಾದರೆ ನಂಬರ್ ಪ್ಲೇಟ್ ಮುಂಚೆಯೇ ತಿಳಿಸಿ, ನಾವು ನಗರಸಭೆಗೆ ದಾಖಲಿಸುತ್ತೇವೆ. ಅದೇ ಪರಿಹಾರ. ಲಗೇಜ್ ಇಳಿಸಲು ಬರುವ ಅತಿಥಿಗಳ ಕಾರಿನ ನಂಬರನ್ನು ಹೋಟೆಲಿನವರು ಕಳಿಸಿದರೆ ದಂಡ ಬೀಳುವುದಿಲ್ಲ. ಆ ಎರಡು ಸಾಲು ಎಂಟು ತಿಂಗಳು ಅವನ ಇನ್‌ಬಾಕ್ಸಿನಲ್ಲೇ ಇತ್ತು.

ಹೋಟೆಲಿನವರನ್ನು ನೆಚ್ಚದೆ ಇನ್ನೂ ಸುಲಭವಾದ ದಾರಿಯೂ ಇತ್ತು. ಫ್ಲಾರೆನ್ಸಿನ ಪಕ್ಕ ಎ1 ಹೆದ್ದಾರಿಗೇ ಅಂಟಿಕೊಂಡು ವಿಲ್ಲಾ ಕೊಸ್ತಾನ್ಝಾ ಅಂತ ಪಾರ್ಕಿಂಗ್ ಇದೆ. ಹೆದ್ದಾರಿಯಿಂದ ನೇರ ಒಳಗೆ ಹೋಗಿ ಕಾರು ನಿಲ್ಲಿಸಿ, ಅಲ್ಲೇ ಟಿ1 ಟ್ರಾಮ್ ಹತ್ತಿದರೆ ಊರ ನಡುವಿನ ಸಾಂತಾ ಮರಿಯಾ ನೊವೆಲ್ಲಾ ರೈಲ್ವೆ ಸ್ಟೇಷನ್ ಹತ್ತಿರ ಇಳಿಯಬಹುದು. ಫ್ಲಾರೆನ್ಸ್ ಒಳಗೆ ನೋಡಬೇಕಾದದ್ದೆಲ್ಲ ನಡೆದು ಮುಗಿಸುವಷ್ಟು ದೂರದಲ್ಲೇ ಇದೆ. ಅಲ್ಲಿ ಕಾರಿನಿಂದ ಆಗುವ ಉಪಯೋಗವೇ ಇಲ್ಲ.

ಹಣದ ಲೆಕ್ಕ: ಒಂದೊಂದು ನೋಟಿಸಿಗೆ ದಂಡ 83 ಯೂರೊ, ಅಂಚೆ ಮತ್ತು ಕಡತದ ಖರ್ಚು 17 ಸೇರಿ 100. ಅಲ್ಲಿಯ ಕಾನೂನಿನಲ್ಲಿ ನೋಟಿಸ್ ಕೈಗೆ ಸಿಕ್ಕಿ 5 ದಿನದೊಳಗೆ ಕಟ್ಟಿದರೆ ದಂಡದಲ್ಲಿ ಶೇ 30 ಕಡಿತ, ಅಂದರೆ 83ರ ಬದಲು 58.10. ಅಮ್ಮ ಸೈನ್ ಹಾಕಿದ್ದು ಮೂರನೇ ತಾರೀಕು, ಇವನು ಲಕೋಟೆ ಒಡೆದದ್ದು ಹದಿನಾಲ್ಕಕ್ಕೆ. ಎರಡೂ ಸೇರಿ 49.80 ಯೂರೊ, ನಾಲ್ಕು ಸಾವಿರ ರೂಪಾಯಿಗೂ ಮೇಲೆ, ಗ್ಯಾಸ್ ಬುಕ್ಕಿನ ಕೆಳಗೆ ಹೋಯಿತು. ಅಮ್ಮನನ್ನು ಯಾರೂ ದೂರಲಿಲ್ಲ. ಇಟಲಿಯಿಂದ ಕಾಗದ ಬರಬಹುದು ಅಂತ ಅವರಿಗೆ ಯಾರಾದರೂ ಹೇಳಿದ್ದರೆ ತಾನೇ?

ಈ ರಿಯಾಯಿತಿಯ ವಿಷಯ ನಮ್ಮವರು ಸರಿಯಾಗಿ ಮನಸ್ಸಿಗೆ ತಂದುಕೊಳ್ಳಬೇಕು. 2023ರ ಫೆಬ್ರವರಿಯಲ್ಲಿ ಸರ್ಕಾರ ಬಾಕಿ ಟ್ರಾಫಿಕ್ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಾಗ ನನ್ನ ಅಂಗಡಿ ಮುಂದೆ ಸಾಲು ನಿಂತಿತ್ತು. 2025ರ ಆಗಸ್ಟ್-ಸೆಪ್ಟೆಂಬರಿನಲ್ಲಿ ಮತ್ತೆ ಅದೇ ಆಯಿತು. ಕಾದವನಿಗೆ ಲಾಭ, ಇದು ನಮ್ಮಲ್ಲಿ ಬಂದ ರೂಢಿ. ಅಲ್ಲಿ ತದ್ವಿರುದ್ಧ. ಮೊದಲ ಐದು ದಿನ ಕಡಿಮೆ, ಅರವತ್ತು ದಿನದವರೆಗೆ ಪೂರ್ತಿ, ಅದಾದ ಮೇಲೆ ಆ ತಪ್ಪಿಗಿರುವ ಗರಿಷ್ಠ ದಂಡದ ಅರ್ಧಕ್ಕೆ ಏರುತ್ತದೆ. ಝಡ್‌ಟಿಎಲ್‌ಗೆ ಗರಿಷ್ಠ 332, ಹಾಗಾಗಿ 83 ಇದ್ದದ್ದು 166. ಕಾದಷ್ಟೂ ಕಷ್ಟ.

ಕಾರ್ಡಿನಲ್ಲಿ ಕಟ್ ಆದ ದುಡ್ಡು

"ಆದರೆ ಅಣ್ಣ, ಈ ಫೈನ್ ನಾನು ಆಗಲೇ ಕಟ್ಟಿದ್ದೀನಲ್ಲ?" ಅಂದ. ಫೋನ್ ತೆಗೆದು ಕ್ರೆಡಿಟ್ ಕಾರ್ಡಿನ ಹಳೆಯ ಲೆಕ್ಕ ತೋರಿಸಿದ. 2024ರ ಆಗಸ್ಟಿನಲ್ಲಿ ಮೂರು ಸಲ, ಸೆಪ್ಟೆಂಬರಿನಲ್ಲಿ ಒಂದು ಸಲ, ತಲಾ 45 ಯೂರೊ ಬಾಡಿಗೆ ಕಂಪನಿ ಎಳೆದುಕೊಂಡಿತ್ತು. ಆಗ ಬಂದ ಇ-ಮೇಲನ್ನು ಅವನು ಅರ್ಧ ಓದಿ, ಏನೋ ಫೈನ್ ಆಗಿದೆ, ದುಡ್ಡು ಹೋಯಿತು, ಮುಗಿಯಿತು ಅಂದುಕೊಂಡಿದ್ದ.

ಅದು ಫೈನ್ ಅಲ್ಲ. ಕ್ಯಾಮೆರಾಕ್ಕೆ ಸಿಕ್ಕಿದ್ದು ಕಾರಿನ ನಂಬರು, ಕಾರು ಕಂಪನಿಯದು. ನಗರಸಭೆ ಕಂಪನಿಗೆ ಪತ್ರ ಬರೆದು "ಆ ಹೊತ್ತಿಗೆ ಓಡಿಸುತ್ತಿದ್ದವರು ಯಾರು" ಅಂತ ಕೇಳುತ್ತದೆ. ಕಂಪನಿ ಬಾಡಿಗೆದಾರನ ಹೆಸರು, ವಿಳಾಸ ಕೊಡುತ್ತದೆ, ಹಾಗೆ ಕೊಟ್ಟ ಶ್ರಮಕ್ಕೆ 45 ಯೂರೊ ಹಾಕುತ್ತದೆ. ಕೀ ಕೊಡುವಾಗ ಸೈನ್ ಹಾಕಿಸಿಕೊಳ್ಳುವ ಕರಾರಿನಲ್ಲೇ ಇದು ಬರೆದಿರುತ್ತದೆ. ನಿಜವಾದ ದಂಡ ಆಮೇಲೆ, ಬೇರೆಯಾಗಿ, ನಿಧಾನವಾಗಿ ಬರುತ್ತದೆ. ಇವನ ಡಿಎಲ್‌ನಲ್ಲಿದ್ದದ್ದು ತುಮಕೂರಿನ ವಿಳಾಸ, ಕೆಎ-06. ಹಾಗಾಗಿ ಬೆಂಗಳೂರಿನಲ್ಲಿರುವವನ ಕಾಗದ ತುಮಕೂರಿಗೆ ಬಂತು.

ನಾಲ್ಕು ಸಲ 45 ಹೋಗಿದೆ ಅಂದರೆ ನಾಲ್ಕು ಸಲ ಹೆಸರು ಕೇಳಿದ್ದಾರೆ. ಕೈಯಲ್ಲಿರುವುದು ಎರಡು. "ಇನ್ನೂ ಎರಡು ಬರುತ್ತೆ ಕಣಪ್ಪ" ಅಂದೆ. ಹಬ್ಬದ ದಿನ ಆ ಮಾತು ಹೇಳಬೇಕಾಯಿತಲ್ಲ ಅಂತ ಬೇಸರವಾಯಿತು.

ಕಟ್ಟುವುದೇ ಬೇಡ ಅಂದವರೂ ಇದ್ದರು, ಅವನ ಆಫೀಸಿನ ಗೆಳೆಯರು. ಇನ್ನೊಬ್ಬರು ಮೇಲ್ಮನವಿ ಹಾಕು ಅಂದರು. ನೋಟಿಸಿನ ಸಂಖ್ಯೆ ಹಾಕಿ ನಗರಸಭೆಯ ಜಾಲತಾಣದಲ್ಲಿ ಫೋಟೊ ನೋಡಿದೆವು. ಪ್ಲೇಟು ಸ್ಪಷ್ಟ. ಅಲ್ಲಿಯ ಪ್ರಿಫೆತ್ತೊ, ಅಂದರೆ ಜಿಲ್ಲಾಧಿಕಾರಿಯಂಥವರು, ಅವರಿಗೆ ಅರವತ್ತು ದಿನದೊಳಗೆ ಉಚಿತವಾಗಿ ಮನವಿ ಸಲ್ಲಿಸಬಹುದು. ತಿರಸ್ಕಾರವಾದರೆ ದಂಡ ಕನಿಷ್ಠ ದುಪ್ಪಟ್ಟು. ಫೋಟೊದಲ್ಲಿ ಬೇರೆ ಕಾರಿದ್ದರೆ, ಅಥವಾ ಹೋಟೆಲಿನವರು ನಂಬರ್ ಕಳಿಸಿದ ದಾಖಲೆ ಇದ್ದರೆ ನಾನೇ ಮನವಿ ಬರೆಸುತ್ತಿದ್ದೆ. ಇಲ್ಲಿ ಹೇಳಲು ಏನೂ ಇರಲಿಲ್ಲ. ಬೋರ್ಡಿನ ಅರ್ಥ ಗೊತ್ತಾಗಲಿಲ್ಲ ಅನ್ನುವುದು ನಮ್ಮ ಮಟ್ಟಿಗೆ ನಿಜ, ಅವರ ಕಾನೂನಿಗೆ ಉತ್ತರವಲ್ಲ. ಕಟ್ಟು ಅಂದೆ. ಮೊದಲ ಸಲ ಕಾರ್ಡ್ ಹಿಡಿಯಲಿಲ್ಲ, ಅದರಲ್ಲಿ ಅಂತಾರಾಷ್ಟ್ರೀಯ ವಹಿವಾಟು ಆಫ್ ಆಗಿತ್ತು. ಬ್ಯಾಂಕಿನ ಆಪ್‌ನಲ್ಲಿ ಆನ್ ಮಾಡಿದ ಮೇಲೆ ಹೋಯಿತು. ಮೊಬೈಲಿಗೆ ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಿ ಇಂಥ ದಂಡ ಕಟ್ಟಬೇಡಿ. ಕಾಗದದ ಮೇಲೆ ಅಚ್ಚಾದ ವಿಳಾಸವನ್ನು ನೀವೇ ಟೈಪ್ ಮಾಡಿ.

ಮೂರನೆಯದು: ವೇಗ

ಮಾರ್ಚ್ 2025ರಲ್ಲಿ ಬಂತು. ಈ ಸಲ ಅಮ್ಮ ಪೋಸ್ಟ್‌ಮ್ಯಾನ್ ಎದುರೇ ಪಕ್ಕದ ಮನೆ ಹುಡುಗನನ್ನು ಕರೆದು ಫೋಟೊ ತೆಗೆಸಿ ಮಗನಿಗೆ ಕಳಿಸಿದರು.

ಅದೇ ಮೇ 17ರ ಮಧ್ಯಾಹ್ನ, ಸಿಯೆನಾದಿಂದ ಫ್ಲಾರೆನ್ಸಿಗೆ ಹೋಗುವ ರಸ್ತೆ. ಮಿತಿ 90, ಕ್ಯಾಮೆರಾದಲ್ಲಿ 108. ಇವನು ಇಟಲಿಯ ಹೆದ್ದಾರಿ ಮಿತಿ 130 ಅಂತ ಓದಿಕೊಂಡು ಹೋಗಿದ್ದ. ಅದು ನಿಜವೇ, ಆದರೆ ಟೋಲ್ ಇರುವ ಆಟೊಸ್ತ್ರಾದಾಗಳಿಗೆ, ಅದೂ ಮಳೆ ಇಲ್ಲದಾಗ. ಮಳೆ ಬಂದರೆ 110. ಸಿಯೆನಾ-ಫ್ಲಾರೆನ್ಸ್ ರಸ್ತೆಗೆ ಟೋಲ್ ಇಲ್ಲ. ಎರಡೂ ಕಡೆ ಎರಡೆರಡು ಲೇನ್, ನಡುವೆ ವಿಭಜಕ. ನೋಡಿದರೆ ನಮ್ಮ ಬೆಂಗಳೂರು ರಸ್ತೆಯ ಹಾಗೆ ಹೆದ್ದಾರಿಯೇ. ಕ್ಯಾತ್ಸಂದ್ರದ ಟೋಲ್ ದಾಟಿದ ಮೇಲೆ ಕಾಲು ತಾನಾಗೇ ಆಕ್ಸಿಲರೇಟರ್ ಒತ್ತುವ ಹಾಗೆ ಅಲ್ಲೂ ಒತ್ತಿದೆ. ಸ್ಥಿರ ಕ್ಯಾಮೆರಾಗಳಿಗೆ ಮೊದಲೇ ಎಚ್ಚರಿಕೆ ಬೋರ್ಡು ಇರಬೇಕು ಅನ್ನುವುದು ಅಲ್ಲಿಯ ನಿಯಮ. ಬೋರ್ಡು ಇತ್ತು, ಇಟಾಲಿಯನ್‌ನಲ್ಲಿತ್ತು.

ಅಳತೆಯಲ್ಲಿ ಶೇ 5ರಷ್ಟು, ಕನಿಷ್ಠ 5 ಕಿಲೋಮೀಟರ್ ಬಿಟ್ಟುಕೊಡುತ್ತಾರೆ. 108ರಲ್ಲಿ 5.4 ಕಳೆದು 102.6. ಮಿತಿಗಿಂತ 12.6 ಹೆಚ್ಚು. ಹತ್ತರೊಳಗಿದ್ದರೆ ದಂಡ 42 ಯೂರೊ, ಹತ್ತು ದಾಟಿ ನಲವತ್ತರೊಳಗಾದರೆ ಒಮ್ಮೆಲೇ 173. ಸ್ಪೀಡೋಮೀಟರಿನಲ್ಲಿ ಮೂರು ಕಿಲೋಮೀಟರ್ ಕಡಿಮೆ ಇದ್ದಿದ್ದರೆ 131 ಯೂರೊ ಉಳಿಯುತ್ತಿತ್ತು. ಮೂರನೇ ದಿನವೇ ಕಟ್ಟಿದ್ದರಿಂದ 173 ಇದ್ದದ್ದು 121.10 ಆಯಿತು. ಖರ್ಚು ಸೇರಿ 138.10.

ದಂಡವಾಗದ ಒಂದು ತಪ್ಪು

ಇದನ್ನು ಅವನು ಬಹಳ ದಿನದ ಮೇಲೆ, ಮಾತಿಗೆ ಮಾತು ಬಂದಾಗ ಹೇಳಿದ. ಮೇ 20, ಸೋಮವಾರ ಮಧ್ಯಾಹ್ನ ಮಿಲಾನ್ ನಡುಭಾಗಕ್ಕೂ ಕಾರು ತಗೊಂಡು ಹೋಗಿದ್ದ. ಅಲ್ಲಿ 'ಏರಿಯಾ ಸಿ' ಅಂತ ವಲಯ, 43 ಗೇಟುಗಳು, ವಾರದ ದಿನಗಳಲ್ಲಿ ಬೆಳಗ್ಗೆ 7.30ರಿಂದ ಸಂಜೆ 7.30ರವರೆಗೆ ಒಳಗೆ ಬಂದರೆ ದಿನಕ್ಕೆ 7.50 ಯೂರೊ. ಅವನಿಗೆ ಅದೂ ಗೊತ್ತಿರಲಿಲ್ಲ. ರಾತ್ರಿ ಹೋಟೆಲಿನ ಸ್ವಾಗತಕಾರ್ತಿ, ವಯಸ್ಸಾದ ಹೆಂಗಸಂತೆ, ಕಾರಿನ ಕೀ ನೋಡಿ "ಊರೊಳಗೆ ಹೋಗಿದ್ರಾ?" ಅಂತ ವಿಚಾರಿಸಿ, ಮರುದಿನ ಮಧ್ಯರಾತ್ರಿಯೊಳಗೆ ಕಟ್ಟಬಹುದು ಅಂತ ಹೇಳಿ, ತನ್ನ ಕಂಪ್ಯೂಟರಿನಲ್ಲೇ ಕಟ್ಟಿಸಿದಳು. ಏಳೂವರೆ ಯೂರೊಗೆ ಮುಗಿಯಿತು.

ಫ್ಲಾರೆನ್ಸಿನಲ್ಲೂ ಮಿಲಾನಿನಲ್ಲೂ ಒಬ್ಬನೇ ಡ್ರೈವರ್, ಒಂದೇ ಅಜ್ಞಾನ. ಒಂದು ಕಡೆ ಹೇಳುವವರೊಬ್ಬರು ಸಿಕ್ಕರು. ಆ ಹೆಂಗಸು ಮಾಡಿದ ಕೆಲಸವನ್ನು ತುಮಕೂರಿನಲ್ಲಿ ನಾನು ಮಾಡಬಹುದಿತ್ತು. ಈಗ ಪರ್ಮಿಟ್ ಅರ್ಜಿಗೆ ಬಂದವರನ್ನು ಹತ್ತು ನಿಮಿಷ ಕೂರಿಸಿಕೊಳ್ಳುತ್ತೇನೆ. ಯಾವ ದೇಶ, ಯಾವ ಊರು, ರಾತ್ರಿ ಎಲ್ಲಿ ಉಳಿಯುತ್ತೀರಿ ಅಂತ ಕೇಳಿ, ಹೋಟೆಲಿನ ಪತ್ರವನ್ನು ಕೊನೆಯ ಸಾಲಿನವರೆಗೆ ಓದಿಸುತ್ತೇನೆ. ಮ್ಯಾಪಿನಲ್ಲಿ ಹೋಟೆಲಿನ ಬದಲು ಊರ ಹೊರಗಿನ ಪಾರ್ಕಿಂಗ್ ಗುರುತು ಮಾಡಿಸುತ್ತೇನೆ. ದೇಶ ಯಾವುದು ಅನ್ನುವ ಪ್ರಶ್ನೆ ಮುಖ್ಯ, ಯಾಕೆಂದರೆ ನಮ್ಮ ಪರ್ಮಿಟ್ 1949ರ ಜಿನೀವಾ ಒಪ್ಪಂದದ್ದು. ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ ಪರ್ಮಿಟ್ ಮಾತ್ರ. ಗುಬ್ಬಿ ಕಡೆಯ ಹುಡುಗರು ನಾಲ್ಕು ಜನ ಅಲ್ಲಿ ಬೈಕ್ ಓಡಿಸುತ್ತೇವೆ ಅಂತ ಬಂದಿದ್ದರು. ಸಾವಿರ ರೂಪಾಯಿ ತಗೊಂಡು ಅರ್ಜಿ ತುಂಬುವುದು ನನಗೆ ಸುಲಭವಿತ್ತು. ಈ ಪುಸ್ತಕ ಅಲ್ಲಿ ನಡೆಯುವುದಿಲ್ಲ, ಹಿಂದೆ ಕೂತು ಹೋಗಿ ಅಂತ ಹೇಳಿ ಕಳಿಸಿದೆ.

ನಾಲ್ಕನೆಯದು: ಕಾಗದದ ಗಡಿಯಾರ

ಮೇ 2025 ಕಳೆಯಿತು. ಮಗ ಫೋನ್ ಮಾಡಿ "ಅಣ್ಣ, ವರ್ಷ ಆಯ್ತು. ವಿದೇಶದವರಿಗೆ 360 ದಿನದೊಳಗೆ ನೋಟಿಸ್ ಕೊಡಬೇಕಂತೆ. ಇನ್ನು ಬರಲ್ಲ ಬಿಡಿ" ಅಂದ. 360 ಸರಿ, ಎಣಿಕೆ ತಪ್ಪು. ಬಾಡಿಗೆ ಕಾರಾದರೆ ಕಂಪನಿ ಹೆಸರು ಕೊಟ್ಟ ಮೇಲೆ ಲೆಕ್ಕ ಶುರು. ಇವನ ಕೊನೆಯ 45 ಯೂರೊ ಕಟ್ ಆದದ್ದು ಸೆಪ್ಟೆಂಬರಿನಲ್ಲಿ. ಜೂನಿನಲ್ಲಿ ಕಾಗದ ಬಂತು.

ಸಿಯೆನಾ ಹತ್ತಿರದ ಸಣ್ಣ ಊರು, ಮೇ 15. ಇಟಲಿಯಲ್ಲಿ ನೀಲಿ ಗೆರೆಯೊಳಗೆ ದುಡ್ಡು ಕೊಟ್ಟು ನಿಲ್ಲಿಸಬೇಕು, ಹಳದಿ ಗೆರೆ ಮೀಸಲು, ಬಿಳಿ ಗೆರೆ ಉಚಿತ. ಇಷ್ಟು ಸೊಸೆಗೆ ಗೊತ್ತಿತ್ತು, ಬಿಳಿ ಗೆರೆ ಹುಡುಕಿಯೇ ನಿಲ್ಲಿಸಿದ್ದರು. ಆದರೆ ಅಲ್ಲಿ ಬೋರ್ಡಿನಲ್ಲಿ ಒಂದು ಗಂಟೆ ಮಾತ್ರ ಅಂತ ಇತ್ತು. ಅಂಥ ಕಡೆ ಬಂದ ಸಮಯ ತೋರಿಸುವ ತಟ್ಟೆಯೊಂದನ್ನು ಗಾಜಿನ ಹಿಂದೆ ಇಡಬೇಕು. ಅಂಗೈಯಗಲದ ರಟ್ಟು, ನಡುವೆ ತಿರುಗುವ ಚಕ್ರ, ಮುಳ್ಳಿಲ್ಲದ ಗಡಿಯಾರ. ಆ ರಟ್ಟು ಕಾರಿನ ಗ್ಲೋವ್ ಬಾಕ್ಸಿನಲ್ಲೇ ಇತ್ತು. ಮೊಮ್ಮಗಳು ಅದನ್ನು ತೆಗೆದು ಸಿಯೆನಾದವರೆಗೆ ತಿರುಗಿಸುತ್ತಾ ಆಟವಾಡಿದ್ದು ಮೇಷ್ಟ್ರಿಗೆ ಚೆನ್ನಾಗಿ ನೆನಪಿದೆ. ಊಟ ಮುಗಿಸಿ ಬಂದಾಗ ವೈಪರ್ ಕೆಳಗೆ ಚೀಟಿ ಇತ್ತು. ಕಾರು ವಾಪಸ್ ಕೊಡುವಾಗ ಕೊಟ್ಟರಾಯಿತು ಅಂತ ಅದನ್ನು ಅದೇ ಬಾಕ್ಸಿಗೆ ಹಾಕಿದರು, ಮರೆತರು.

ಚೀಟಿಯ ಮೇಲೆ 42 ಯೂರೊ, ಐದು ದಿನದಲ್ಲಿ 29.40. ಅಂದೇ ಕಟ್ಟಿದ್ದರೆ ಅಂಚೆ ಖರ್ಚೂ ಇಲ್ಲ, ಹೆಸರು ಕೊಟ್ಟ 45 ಯೂರೊವೂ ಇಲ್ಲ. ಈಗ ಎಲ್ಲ ಸೇರಿ 91.40. ನಾಲ್ಕೂ ಪ್ರಕರಣದ ಒಟ್ಟು: ದಂಡ ಮತ್ತು ಖರ್ಚು 384.50, ಬಾಡಿಗೆ ಕಂಪನಿಯ 180, ಸೇರಿ 564.50 ಯೂರೊ. ಐವತ್ತು ಸಾವಿರ ರೂಪಾಯಿಗೂ ಮೇಲೆ.

ನಾಲ್ಕನೆಯದನ್ನು ಬಂದ ಮರುದಿನವೇ ಕಟ್ಟಿದೆವು. ರಸೀದಿ ಪ್ರಿಂಟ್ ತೆಗೆದು ಮೇಷ್ಟ್ರ ಮನೆಗೆ ನಾನೇ ಹೋದೆ. ಅಮ್ಮ ಬಾಗಿಲಲ್ಲೇ ಕೇಳಿದರು:

"ಇನ್ನೂ ಬರುತ್ತೇನಪ್ಪ?"

"ಇಲ್ಲಮ್ಮ. ಕಾರ್ಡಲ್ಲಿ ನಾಲ್ಕು ಸಲ ಕಟ್ ಆಗಿತ್ತು. ಲಕೋಟೆ ನಾಲ್ಕೂ ಬಂತು."

ಒಳಗೆ ಹೋಗಿ ಗ್ಯಾಸ್ ಬುಕ್ ತಂದರು. ಹಿಂದಿನ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ನಾಲ್ಕು ಗೆರೆ ಹಾಕಿಕೊಂಡಿದ್ದರು, ಮೂರಕ್ಕೆ ಅಡ್ಡ ಹೊಡೆದಿತ್ತು. ನಾಲ್ಕನೆಯದಕ್ಕೂ ಹೊಡೆದು, ರಸೀದಿಯನ್ನು ಅದರೊಳಗಿಟ್ಟು, "ಕೂತ್ಕೊ, ಕಾಫಿ ತರ್ತೀನಿ" ಅಂದರು.